ಅಡಿಕೆ ತೋಟದ ನಾಲ್ಕು ಬಸವನಹುಳು: ನಾಲ್ಕೂ ಅರಿಯೊಫಾಂಟಿಡೇ ಹೌದೋ ಅಲ್ಲವೋ?

ಅಡಿಕೆಹಾಳೆ:

ಶಿರಸಿ ಕಡೆಯ ಅಡಿಕೆ ತೋಟ, ಜೂನ್ ಕೊನೆ. ಬಿದ್ದ ಹಾಳೆ, ಕೊಳೆತ ಸೋಗೆ, ಅಗಳದ ದಂಡೆ, ಇಷ್ಟರಲ್ಲಿ ಸಿಕ್ಕ ನಾಲ್ಕು ಬಗೆ ಇವು:

1. ಎಡಕ್ಕೆ ತಿರುಗಿದ ಚಿಪ್ಪು, ಅಗಲ 27 ಮಿ.ಮೀ., ಐದು ಸುತ್ತಿಗೆ ಸ್ವಲ್ಪ ಹೆಚ್ಚು, ತಿಳಿ ಕಂದು. ತುಟಿ ತೆಳು, ಹೊರಗೆ ಮಡಚಿಲ್ಲ.

2. ಬಲಕ್ಕೆ ತಿರುಗಿದ್ದು, ಅಗಲ 30 ಮಿ.ಮೀ. ಮೇಲ್ಭಾಗ ಕೈಗೆ ಒರಟು, ತಳಭಾಗ ನಯ.

3. ಅಗಲ 14 ಮಿ.ಮೀ., ಜೇನುಬಣ್ಣ, ಗಾಜಿನ ಹಾಗೆ ಹೊಳಪು, ಒಳಗಿನ ಪ್ರಾಣಿ ಹೊರಗಿನಿಂದಲೇ ಕಾಣುತ್ತದೆ. ನಡೆಯುವಾಗ ಚಿಪ್ಪಿನ ಮೇಲೆ ನಾಲಿಗೆಯಂಥದ್ದೇನೋ ಚಾಚಿಕೊಳ್ಳುತ್ತದೆ.

4. ನೋಡಿದರೆ ಚಿಪ್ಪೇ ಇಲ್ಲ ಅನಿಸುವ, ಬೆನ್ನ ಮೇಲೆ ಗುಬುಟು ಇರುವ ಹುಳು. ಗುಬುಟಿನ ನಡುವೆ ಸಣ್ಣ ಕಿಂಡಿ, ಅದರಲ್ಲಿ ಉಗುರಿನಂಥ ಚಿಪ್ಪಿನ ಚೂರು.

ಫೋಟೋ ಹಾಕಿದರೆ ಜೀವಿ ಗುರುತಿಸುವ ಆಪ್ ನಾಲ್ಕನ್ನೂ ಅರಿಯೊಫಾಂಟಿಡೇ ಕುಟುಂಬ ಅನ್ನುತ್ತದೆ. 1908ರ ಬ್ರಿಟಿಷ್ ಇಂಡಿಯಾ ಪ್ರಾಣಿ ಸರಣಿಯ ಸಂಪುಟದಲ್ಲಿ ಇಂಥವೆಲ್ಲ ಝೋನಿಟಿಡೇ ಅಂತಿದೆ. ಎಡಕ್ಕೆ ತಿರುಗಿದ್ದು, ಬಲಕ್ಕೆ ತಿರುಗಿದ್ದು, ಚಿಪ್ಪೇ ಇಲ್ಲದಂಥದ್ದು ಎಲ್ಲ ಒಂದೇ ಕುಟುಂಬ ಹೇಗಾಗುತ್ತದೆ? ಚಿಪ್ಪು ನೋಡಿ ಖಚಿತ ಆಗದಿದ್ದರೆ ಬಿಚ್ಚಿ ನೋಡುವುದು ಹೇಗೆ, ಒಳಗೆ ಏನನ್ನು ಹುಡುಕಬೇಕು? ಬಲ್ಲವರು ಬಿಡಿಸಿ ಹೇಳಿ.

---

ಬಾಲಕೊಂಬು:

ನಾಲ್ಕೂ ಒಂದೇ ಕುಟುಂಬ ಎನ್ನುವುದು ಸಾಧ್ಯವೇ. ಆದರೆ ಆಪ್ ಹೇಳಿದೆ ಅಂತ ಒಪ್ಪಬೇಡಿ. ಅದು ನೋಡುವುದು ಚಿಪ್ಪನ್ನು. ನೀವು ಮೊದಲು ಬಾಲ ನೋಡಿ.

ಜೀವಂತ ಹುಳುವನ್ನು ಗಾಜಿನ ತಟ್ಟೆಯ ಮೇಲೆ ನಡೆಯಲು ಬಿಡಿ. ಪೂರ್ತಿ ಚಾಚಿಕೊಂಡ ಮೇಲೆ ಹಿಂದಿನಿಂದ, ಲೆನ್ಸ್ ಹಿಡಿದು ಬಾಲದ ತುದಿ ನೋಡಿ. ತುದಿ ಸುಮ್ಮನೆ ಚೂಪಾಗಿ ಮುಗಿಯುವುದಿಲ್ಲ, ಯಾರೋ ಕತ್ತರಿಸಿದಂತೆ ಮೊಂಡಾಗಿರುತ್ತದೆ. ಆ ಮೊಂಡು ಮುಖದಲ್ಲಿ ಉದ್ದ ಸೀಳಿನಂಥ ಒಂದು ಗುಳಿ, ಗುಳಿಯ ಮೇಲೆ ಮುಂಚೂರಿನ ಹಾಗೆ ಬಾಗಿದ ಸಣ್ಣ ಕೊಂಬು. ಗುಳಿಯಲ್ಲಿ ಲೋಳೆ ಗಟ್ಟಿಯಾಗಿ ಕೂತಿರುವುದೂ ಉಂಟು. ಲೋಳೆಗುಳಿ, ಬಾಲಕೊಂಬು ಎರಡೂ ಇದ್ದರೆ ನೀವು ಸರಿಯಾದ ಬೀದಿಗೆ ಬಂದಿದ್ದೀರಿ. ಮನೆ ಇನ್ನೂ ಹುಡುಕಬೇಕು, ಯಾಕೆಂದರೆ ಹತ್ತಿರದ ಕುಟುಂಬಗಳಲ್ಲೂ ಈ ಗುಳಿ ಇದೆ.

ಈಗ ಗಾಜನ್ನು ಎತ್ತಿ ಅಡಿಯಿಂದ ನೋಡಿ. ಅಂಗಾಲು ಉದ್ದಕ್ಕೆ ಮೂರು ಪಟ್ಟಿಯಾಗಿ ಭಾಗವಾಗಿರಬೇಕು. ನಡೆಯುವಾಗ ಅಲೆ ಓಡುವುದು ನಡುಪಟ್ಟಿಯಲ್ಲಿ ಮಾತ್ರ, ಎರಡು ಪಕ್ಕದ ಪಟ್ಟಿಗಳು ಸುಮ್ಮನಿರುತ್ತವೆ. ಪಕ್ಕದಿಂದ ನೋಡಿದರೆ ಪಾದದ ಅಂಚಿಗೆ ಸ್ವಲ್ಪ ಮೇಲೆ, ತಲೆಯಿಂದ ಬಾಲದವರೆಗೆ ಒಂದು ತೋಡುಗೆರೆ. ತೋಟದಲ್ಲಿ ಸಿಗುವ ಕಮೇನಿಡೇ ಕುಟುಂಬದವುಗಳಲ್ಲಿ ಈ ತೋಡುಗೆರೆಯಾಗಲಿ ಗುಳಿಯಾಗಲಿ ಇಲ್ಲ. ಅವು ಬೆಳೆದ ಮೇಲೆ ತುಟಿ ದಪ್ಪವಾಗಿ ಹೊರಗೆ ಮಡಚಿಕೊಳ್ಳುತ್ತದೆ. ನಿಮ್ಮ 1ರಿಂದ 3ರವರೆಗಿನವುಗಳ ತುಟಿ ತೆಳ್ಳಗೆ, ಹರಿತವಾಗಿ ನಿಲ್ಲುವುದು ಈ ಕುಟುಂಬದ ಲಕ್ಷಣ. ಅದೇ ತಲೆನೋವೂ ಹೌದು: ಚಿಪ್ಪು ನೋಡಿ ಬೆಳೆದದ್ದೋ ಮರಿಯೋ ಹೇಳಲಾಗುವುದಿಲ್ಲ. ಸುತ್ತು ಎಣಿಸಬೇಕು, ಕೊನೆಗೆ ಒಳಗೆ ನೋಡಲೇಬೇಕು.

ತಿರುವಿನ ವಿಷಯ. ಚಿಪ್ಪಿನ ತುದಿ ಮೇಲೆ, ಬಾಯಿ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಬಾಯಿ ನಿಮ್ಮ ಎಡಗಡೆ ಬಂದರೆ ಎಡಸುರುಳಿ. ಇಲ್ಲಿ ಕನ್ನಡದವರು ಎಡವುವ ಒಂದು ಜಾಗ ಇದೆ: ಪೂಜೆಯ ಬಲಮುರಿ ಶಂಖ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಎಡಸುರುಳಿ! ಶಂಖವನ್ನು ಹಿಡಿಯುವುದು ತಲೆಕೆಳಗಾಗಿ, ನಾಳ ಮೇಲಾಗಿ. ಆದ್ದರಿಂದ ಟಿಪ್ಪಣಿಯಲ್ಲಿ ಬಲಮುರಿ, ಎಡಮುರಿ ಎಂದು ಬರೆಯಬೇಡಿ. ಮುಂದೆ ಓದುವವರಿಗೆ ಯಾವ ಲೆಕ್ಕ ಅಂತ ತಿಳಿಯುವುದಿಲ್ಲ.

ಇನ್ನು ನಿಮ್ಮ ನಾಲ್ಕು. 1 ಅರಿಯೊಫಾಂಟಾ ಕುಲಕ್ಕೆ ಹೊಂದುತ್ತದೆ. ಕುಟುಂಬಕ್ಕೆ ಹೆಸರು ಕೊಟ್ಟದ್ದೂ ಇದೇ ಕುಲ. ಲೇವಿಪೆಸ್ ಪ್ರಭೇದ ಎಂದು ಬರೆದುಬಿಡುವ ಆಸೆ ಆಗುತ್ತದೆ, ಬರೆಯಬೇಡಿ. ಘಟ್ಟದ ಸಾಲಿನಲ್ಲಿ ಈ ಕುಲದ ಎಡಸುರುಳಿ ಪ್ರಭೇದ ಒಂದೇ ಅಲ್ಲ, ಕೆನರಾದ ಹೆಸರನ್ನೇ ಹೊತ್ತ ಕೆನರಿಕಾ ಕೂಡ ಪಟ್ಟಿಯಲ್ಲಿದೆ. 2 ಕ್ರಿಪ್ಟೊಝೋನಾ, ಬಹುಶಃ ಸೆಮಿರುಗೇಟಾ. ಹೆಸರಿನ ಅರ್ಥವೇ ಅರ್ಧ ಸುಕ್ಕು, ಮೇಲೆ ಒರಟು ಕೆಳಗೆ ನಯ. 3 ನೋಡಲು ಮ್ಯಾಕ್ರೊಕ್ಲ್ಯಾಮಿಸ್. ನಾಲಿಗೆ ಅಂದಿರಲ್ಲ, ಅದು ಮ್ಯಾಂಟಲ್‌ನ ಚಿಪ್ಪು-ಹಾಲೆ (ಮ್ಯಾಂಟಲ್ ಅಂದರೆ ಚಿಪ್ಪನ್ನು ಸ್ರವಿಸುವ ಮೈಹೊದಿಕೆ). ಸದಾ ಚಿಪ್ಪನ್ನು ಒರೆಸುತ್ತಾ ಇರುವುದರಿಂದಲೇ ಆ ಹೊಳಪು. 4 ಮರಿಯೆಲ್ಲಾ ಡುಸುಮಿಯೇರಿ. ಚಿಪ್ಪು ಇದೆ, ಆದರೆ ಸುರುಳಿ ಬಿಟ್ಟು ಚಪ್ಪಟೆ ಬಿಲ್ಲೆಯಾಗಿ ಮ್ಯಾಂಟಲ್ ಒಳಗೆ ಹೂತುಹೋಗಿದೆ. 3ರ ಹಾಲೆಗಳು ಇನ್ನೂ ದೊಡ್ಡದಾಗಿ, ಚಿಪ್ಪು ಇನ್ನೂ ಚಿಕ್ಕದಾಗಿ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂದು ಊಹಿಸಿ, 4 ಕಣ್ಣಿಗೆ ಕಟ್ಟುತ್ತದೆ.

4ನ್ನು ತೋಟದ ಕಪ್ಪು ಚರ್ಮದ ಸ್ಲಗ್ ಜೊತೆ ಬೆರೆಸಬೇಡಿ. ಅದು ಲೇವಿಕಾಲಿಸ್ ಆಲ್ಟೆ, ಆಫ್ರಿಕಾ ಮೂಲದ್ದು, ಬೇರೆಯೇ ಕುಟುಂಬ. ಬೆನ್ನ ಮೇಲೆ ನಡುವೆ ಬಿಳಿಚು ಗೆರೆ ಇರುತ್ತದೆ. ಗುಬುಟಿಲ್ಲ, ಕಿಂಡಿಯಿಲ್ಲ, ಚಿಪ್ಪಿನ ಚೂರೂ ಇಲ್ಲ.

---

ಹಳೇಪೆಟ್ಟಿಗೆ:

ಝೋನಿಟಿಡೇ ಗೊಂದಲಕ್ಕೆ ಉತ್ತರ ನನ್ನದು.

1908ರ ಆ ಸಂಪುಟ ಬ್ಲ್ಯಾನ್‌ಫೋರ್ಡ್ ಮತ್ತು ಗಾಡ್ವಿನ್-ಆಸ್ಟೆನ್ ಅವರದ್ದು. ಬ್ಲ್ಯಾನ್‌ಫೋರ್ಡ್ 1905ರಲ್ಲೇ ತೀರಿಕೊಂಡಿದ್ದರು, ಪುಸ್ತಕ ಮುಗಿಸಿದ್ದು ಗಾಡ್ವಿನ್-ಆಸ್ಟೆನ್. ಕಾರಕೋರಂ ಸಾಲಿನ ಕೆ2 ಶಿಖರಕ್ಕೆ ಒಂದು ಕಾಲದಲ್ಲಿ ಯಾರ ಹೆಸರು ಅಂಟಿಸಿದ್ದರೋ ಅದೇ ಸರ್ವೇ ಅಧಿಕಾರಿ. ಆಗ ಝೋನಿಟಿಡೇ ಎನ್ನುವುದು ಒಂದು ದೊಡ್ಡ ಚೀಲ. ತೋಡುಗೆರೆಯ ಪಾದ, ಮಧ್ಯೆ ಕೊಕ್ಕಿರುವ ನಯವಾದ ದವಡೆ, ತೆಳು ತುಟಿಯ ಚಪ್ಪಟೆ ಚಿಪ್ಪು, ಇಷ್ಟಿದ್ದರೆ ಚೀಲಕ್ಕೆ ಹಾಕು. ಯುರೋಪಿನದ್ದೂ ಅದರಲ್ಲೇ, ನಮ್ಮ ಘಟ್ಟದ್ದೂ ಅದರಲ್ಲೇ. ಈಗ ಝೋನಿಟಿಡೇ ಎಂಬ ಹೆಸರು ಉಳಿದಿರುವುದು ಮೆಡಿಟರೇನಿಯನ್ ಸುತ್ತಿನ ಝೋನೈಟಿಸ್ ಬಳಗಕ್ಕೆ. ನಮ್ಮವು ಹೆಲಿಕೇರಿಯೊನಾಯ್ಡಿಯಾ ಮೇಲ್ಕುಟುಂಬದ ಅರಿಯೊಫಾಂಟಿಡೇ. 2005ರಲ್ಲಿ ಬೂಶೆ ಮತ್ತು ರೊಕ್ರಾಯ್ ಮಾಡಿದ ವರ್ಗೀಕರಣದಲ್ಲಿ ಇದಕ್ಕೆ ಮೂರು ಉಪಕುಟುಂಬ: ಅರಿಯೊಫಾಂಟಿನೇ, ಮ್ಯಾಕ್ರೊಕ್ಲ್ಯಾಮಿಡಿನೇ, ಆಸ್ಟ್ರಕೊಲೆಥಿನೇ.

ಆದರೂ ಆ ಹಳೆಯ ಪುಸ್ತಕ ಎಸೆಯುವಂಥದ್ದಲ್ಲ. ಕುಟುಂಬದ ಹೆಸರು ಹಳತಾಯಿತು, ಒಳಗಿನ ವಿವರಣೆ ಹಳತಾಗಿಲ್ಲ. ಚಿಪ್ಪಿನಿಂದಷ್ಟೇ ಕೆಲಸ ನಡೆಯುವುದಿಲ್ಲ ಎಂದು ಹಟ ಹಿಡಿದು ಪ್ರಾಣಿಯನ್ನು ಬಿಚ್ಚಿ ಚಿತ್ರ ಬರೆದವರು ಗಾಡ್ವಿನ್-ಆಸ್ಟೆನ್. ಅವರ ಪಟಗಳಲ್ಲಿ ಜನನಾಂಗದ ಭಾಗಗಳು ಇಂದಿಗೂ ಗುರುತು ಹಚ್ಚಲು ಸಾಕು. ಓದುವಾಗ ಒಂದು ಮಾತು ನೆನಪಿಡಿ: ಅವರು ಅಮೆಟೋರಿಯಲ್ ಆರ್ಗನ್ ಎಂದು ಬರೆದದ್ದನ್ನು ಈಗಿನವರು ಡಾರ್ಟ್ ಅಂಗ (ಕೂಡುವಾಗ ಬಳಕೆಯಾಗುವ ಜನನಾಂಗದ ಒಂದು ಭಾಗ) ಎನ್ನುತ್ತಾರೆ.

ಹಳೆಯ ಹೆಸರುಗಳ ವಯಸ್ಸು ನೋಡಿದರೆ ಈ ಗೊಂದಲ ಎಷ್ಟು ಹಿಂದಿನದು ಅಂತ ತಿಳಿಯುತ್ತದೆ. ಲೇವಿಪೆಸ್‌ಗೆ ಮುಲ್ಲರ್ 1774ರಲ್ಲಿ ಹೆಸರಿಟ್ಟಾಗ ಅದು ಹೀಲಿಕ್ಸ್ ಕುಲದಲ್ಲಿತ್ತು. ಆಗ ನೆಲದ ಬಸವನಹುಳು ಬಹುಪಾಲು ಎಲ್ಲವೂ ಹೀಲಿಕ್ಸೇ. 1829ರಲ್ಲಿ ಡೆ ಮೂಲ್ಯಾಂ ಅದನ್ನು ಅರಿಯೊಫಾಂಟಾ ಎಂದು ಬೇರೆ ಮಾಡಿದರು. ಘಟ್ಟದ ಕೆಂಪು, ಹಳದಿ ಮೈಯ ಇಂಡ್ರೆಲ್ಲಾ ಆಂಪುಲಾ ಇದೆಯಲ್ಲ, ಅದಕ್ಕೆ ಬೆನ್ಸನ್ 1850ರಲ್ಲಿ ಪ್ರಭೇದದ ಹೆಸರು ಕೊಟ್ಟರೆ, ಕುಲದ ಹೆಸರು ಬಂದದ್ದು 1901ರಲ್ಲಿ, ಗಾಡ್ವಿನ್-ಆಸ್ಟೆನ್ ಅವರಿಂದ. ಆ ಕುಲದಲ್ಲಿ ಇರುವುದು ಅದೊಂದೇ ಪ್ರಭೇದ. (ಇದೇ ಬೆನ್ಸನ್ ಸಾಹೇಬರು 1847ರಲ್ಲಿ ಮಾರಿಷಸ್‌ನಿಂದ ದೈತ್ಯ ಆಫ್ರಿಕನ್ ಬಸವನಹುಳುವನ್ನು ಕಲ್ಕತ್ತೆಯ ತೋಟಕ್ಕೆ ತಂದು ಬಿಟ್ಟವರು. ಪಪ್ಪಾಯಿ, ಬಾಳೆ, ಅಡಿಕೆಯವರೆಲ್ಲ ಇವತ್ತಿಗೂ ಅದರ ಫಲ ಉಣ್ಣುತ್ತಿದ್ದಾರೆ.)

ಎಡಸುರುಳಿ ಅಂದ ಮಾತ್ರಕ್ಕೆ ಕುಟುಂಬ ನಿರ್ಧಾರ ಆಗುವುದಿಲ್ಲ ಎನ್ನುವುದಕ್ಕೆ ದೊಡ್ಡ ಪಾಠ ಡಯಾಕಿಯಾ. ಆಗ್ನೇಯ ಏಷ್ಯಾದ ಕುಲ, ಅದರಲ್ಲೂ ಎಡಸುರುಳಿ ಚಿಪ್ಪುಗಳಿವೆ. ಬಹಳ ಕಾಲ ಅರಿಯೊಫಾಂಟಿಡೇ ಒಳಗೇ ಕೂತಿತ್ತು. ಒಳಗೆ ನೋಡಿದರೆ ಡಾರ್ಟ್ ಅಂಗದ ತಲೆಯಲ್ಲಿ ಒಂದಲ್ಲ, ಹಲವು ಗ್ರಂಥಿ. ಈಗ ಅದರದ್ದು ಬೇರೆ ಕುಟುಂಬ, ಡಯಾಕಿಡೇ. ಕತ್ತಲಲ್ಲಿ ಮಿನುಗುವ ಕ್ವಾಂಟುಲಾ ಸ್ಟ್ರಯಾಟಾ ಆ ಮನೆಯದು. ಚಿಪ್ಪು ಯಾವ ಕಡೆ ತಿರುಗಬೇಕು ಎನ್ನುವುದು ಮರಿಯ ಸ್ವಂತ ಜೀನ್‌ನಿಂದ ಅಲ್ಲ, ತಾಯಿಯ ಜೀನ್‌ನಿಂದ ಮೊಟ್ಟೆಯಲ್ಲೇ ನಿಶ್ಚಯವಾಗುತ್ತದೆ. ಇದು ಕೊಳದ ಬಸವನಹುಳುಗಳಲ್ಲಿ 1923ರಲ್ಲೇ ಗೊತ್ತಾಗಿತ್ತು. ಒಂದು ಜೀನ್ ಅತ್ತಿತ್ತ ಆದರೆ ತಿರುಗುವ ಗುಣವನ್ನು ಕುಟುಂಬದ ಕಂಬ ಮಾಡಿಕೊಂಡರೆ ಮನೆ ನಿಲ್ಲುವುದಿಲ್ಲ.

---

ಅಡಿಕೆಹಾಳೆ:

ಬಾಲ ನೋಡಿದೆ, ನಾಲ್ಕರಲ್ಲೂ ಗುಳಿ ಇದೆ. 3ರಲ್ಲಿ ಕೊಂಬು ಎದ್ದು ಕಾಣುತ್ತದೆ. ಹಾಗಾದರೆ ಬಿಚ್ಚುವ ಕೆಲಸ ಹೇಗೆ? ಸ್ಟೀರಿಯೊ ಮೈಕ್ರೊಸ್ಕೋಪ್ ಕಾಲೇಜಿನದು ಸಿಗುತ್ತದೆ. ಫಾರ್ಮಲಿನ್ ಅಲ್ಲಿ ಇದೆ, ಆಲ್ಕೊಹಾಲ್ ತರಿಸಬೇಕು.

---

ಮೇಣದತಟ್ಟೆ:

ಫಾರ್ಮಲಿನ್ ಮುಟ್ಟಬೇಡಿ. ಅದು ನಿಧಾನವಾಗಿ ಆಮ್ಲವಾಗುತ್ತದೆ, ಚಿಪ್ಪಿನ ಸುಣ್ಣ ಕರಗಿ ಹೊಳಪು ಹೋಗುತ್ತದೆ. ಮೈ ರಬ್ಬರಿನ ಹಾಗೆ ಬಿರುಸಾಗುತ್ತದೆ, ಡಿಎನ್‌ಎ ಆಸೆ ಬಿಡಬೇಕು. ಆಲ್ಕೊಹಾಲ್‌ಗೆ ಕಾಯಿರಿ. ಸ್ಯಾನಿಟೈಸರ್ ಕೂಡ ಬೇಡ, ಅದರ ಜೆಲ್ ಮೈಗೆ ಮೆತ್ತಿಕೊಳ್ಳುತ್ತದೆ.

ಕೆಲಸದ ಅರ್ಧ ಗೆಲುವು ಇರುವುದು ಕೊಲ್ಲುವ ಕ್ರಮದಲ್ಲಿ. ಜೀವಂತ ಹುಳುವನ್ನು ನೇರ ಆಲ್ಕೊಹಾಲ್‌ಗೆ ಹಾಕಿದರೆ ಚಿಪ್ಪಿನೊಳಗೆ ಸೇದಿಕೊಂಡು ಗಂಟಾಗುತ್ತದೆ. ಆ ಗಂಟಿನಲ್ಲಿ ಜನನಾಂಗ ಬಿಡಿಸುವುದು ಒಣಗಿದ ಹಲಸಿನ ಮೇಣದಲ್ಲಿ ದಾರ ಹುಡುಕಿದ ಹಾಗೆ. ನೀರನ್ನು ಕುದಿಸಿ ಪೂರ್ತಿ ಆರಿಸಿ, ಕುದಿಸಿದ್ದರಿಂದ ಗಾಳಿ ಹೋಗಿರುತ್ತದೆ. ಬಾಟಲಿಗೆ ಅಂಚಿನವರೆಗೆ ತುಂಬಿ, ಮೆಂತಾಲ್ ಹರಳು ಎರಡು ಮೂರು ಹಾಕಿ, ಹುಳು ಬಿಟ್ಟು, ಗುಳ್ಳೆ ಒಂದೂ ಉಳಿಯದಂತೆ ಮುಚ್ಚಳ ಬಿಗಿಯಿರಿ. 12ರಿಂದ 18 ಗಂಟೆ ತಂಪಾದ ಕಡೆ ಇಡಿ. ತೆಗೆದು ಕಣ್ಣುಕೊಂಬನ್ನು ಸೂಜಿಯಿಂದ ಮುಟ್ಟಿ, ಸೇದಿಕೊಂಡರೆ ಮತ್ತೆ ಒಳಗೆ. ಹೆಚ್ಚು ಹೊತ್ತು ಬಿಟ್ಟರೂ ಕಷ್ಟ, ಮಳೆಗಾಲದ ಸೆಕೆಗೆ 24 ಗಂಟೆ ದಾಟಿದರೆ ಜೀರ್ಣಗ್ರಂಥಿ ಕೊಳೆಯಲು ಶುರುವಾಗುತ್ತದೆ.

ಸತ್ತ ಮೇಲೆ ಮೊದಲು ಪಾದದ ಹಿಂಭಾಗದಿಂದ ಅಕ್ಕಿಕಾಳಿನಷ್ಟು ಮಾಂಸ ಕತ್ತರಿಸಿ 95% ಅಥವಾ ಶುದ್ಧ ಎಥನಾಲ್‌ಗೆ ಹಾಕಿ, ಅದು ಡಿಎನ್‌ಎಗೆ. ಬಾಲದ ತುದಿ ಕತ್ತರಿಸಬೇಡಿ, ಗುಳಿ ಅಲ್ಲೇ ಇರುವುದು! ಉಳಿದ ಮೈ 70%ಕ್ಕೆ. 95%ದ ಆಲ್ಕೊಹಾಲ್ 74 ಮಿ.ಲೀ. ತೆಗೆದುಕೊಂಡು ಡಿಸ್ಟಿಲ್ಡ್ ನೀರಿನಿಂದ 100ಕ್ಕೆ ಏರಿಸಿದರೆ 70% ಆಗುತ್ತದೆ. ದ್ರವ ಹುಳುವಿನ ಹತ್ತು ಪಾಲಾದರೂ ಇರಲಿ, ಮಾರನೇ ದಿನ ಚೆಲ್ಲಿ ಹೊಸದು ಹಾಕಿ. ಹುಳುವಿನ ಮೈಯಲ್ಲೇ ಬೇಕಾದಷ್ಟು ನೀರಿರುತ್ತದೆ, ಮೊದಲ ದಿನದ ಆಲ್ಕೊಹಾಲ್ ತೆಳ್ಳಗಾಗಿರುತ್ತದೆ. ಇದನ್ನು ಬಿಟ್ಟುಬಿಡುವುದರಿಂದಲೇ ಎಷ್ಟೋ ಮಾದರಿ ಒಂದೇ ತಿಂಗಳಲ್ಲಿ ನಾರುತ್ತವೆ.

ಚಿಪ್ಪಿನಿಂದ ತೆಗೆಯುವುದು. ಸೂಜಿಯ ತುದಿ ಕೊಕ್ಕೆಯಾಗಿ ಬಾಗಿಸಿ ಪಾದಕ್ಕೆ ಚುಚ್ಚಿ, ಎಳೆಯಬೇಡಿ, ಸುರುಳಿ ಬಂದ ದಾರಿಯಲ್ಲೇ ತಿರುಗಿಸುತ್ತಾ ಬಿಡಿಸಿ, ಸ್ಕ್ರೂ ಕಳಚುವ ಹಾಗೆ. 1ಕ್ಕೆ ಉಲ್ಟಾ ತಿರುಗಿಸಬೇಕು. ಮೇಲಿನ ಎರಡು ಸುತ್ತು ಕಿತ್ತು ಒಳಗೇ ಉಳಿದರೆ ಅಂಡವೀರ್ಯ ಗ್ರಂಥಿ ಹೋಯಿತು ಅಷ್ಟೆ. ಗುರುತಿಗೆ ಬೇಕಾದ ಭಾಗ ತಲೆಯ ಕಡೆ ಇದೆ, ಚಿಪ್ಪು ಒಡೆಯಲು ಹೋಗಬೇಡಿ.

ಮೇಣದತಟ್ಟೆಗೆ ಮೇಣದಬತ್ತಿ ಕರಗಿಸುವಾಗ ದೀಪದ ಕಾಡಿಗೆ ಸೇರಿಸಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ನಾಳಗಳು ಚೆನ್ನಾಗಿ ಕಾಣುತ್ತವೆ. ಹುಳು ಮುಳುಗುವಷ್ಟು 70% ಹಾಕಿ. ಒಣಗಿಸಿ ಕತ್ತರಿಸಿದರೆ ಎಲ್ಲ ಒಂದಕ್ಕೊಂದು ಅಂಟುತ್ತದೆ, ದ್ರವದಲ್ಲಿ ತೇಲಿದರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಉಸಿರುರಂಧ್ರದಿಂದ ಶುರು ಮಾಡಿ ಮ್ಯಾಂಟಲ್ ಅಂಚನ್ನು ಕತ್ತರಿಸುತ್ತಾ ಹೋಗಿ, ಶ್ವಾಸಕೋಶದ ಮಾಳಿಗೆಯನ್ನು ಪಕ್ಕಕ್ಕೆ ಮಡಚಿ ಪಿನ್ ಮಾಡಿ. ಹೃದಯ, ಮೂತ್ರಪಿಂಡ ಅದರಲ್ಲೇ ಅಂಟಿಕೊಂಡು ಬರುತ್ತವೆ. ಕೆಳಗೆ ತೆಳುಪರದೆ, ಅದನ್ನು ತಲೆಯ ನಡುಗೆರೆಗುಂಟ ಬಾಯಿಯವರೆಗೆ ಸೀಳಿ. ಕತ್ತರಿಯ ಕೆಳ ಅಲಗು ಚರ್ಮವನ್ನು ಮೇಲಕ್ಕೆ ಎತ್ತುತ್ತಾ ಸಾಗಬೇಕು, ಇಲ್ಲದಿದ್ದರೆ ಶಿಶ್ನವೇ ತುಂಡಾಗುತ್ತದೆ.

ಜನನರಂಧ್ರ ಬಲಸುರುಳಿಯವುಗಳಲ್ಲಿ ಬಲ ಕಣ್ಣುಕೊಂಬಿನ ಹಿಂದೆ. 1ರಲ್ಲಿ ಎಲ್ಲ ಕನ್ನಡಿಯ ಬಿಂಬ, ಎಡಕ್ಕೆ ಹುಡುಕಿ. ರಂಧ್ರದ ಒಳಗೆ ಗಿಡ್ಡ ಕೊಳವೆ, ಅಲ್ಲಿಂದ ಮೂರು ದಾರಿ. ಒಂದು ಶಿಶ್ನ. ಅದು ಮೇಲೆ ಹೋಗಿ ಎಪಿಫ್ಯಾಲಸ್ ಎಂಬ ನಾಳವಾಗುತ್ತದೆ. ಎಪಿಫ್ಯಾಲಸ್‌ಗೆ ಒಂದು ಕುರುಡುಕವಲು, ಶಿಶ್ನವನ್ನು ಒಳಗೆಳೆಯುವ ಸ್ನಾಯು ಬಂದು ಹಿಡಿಯುವುದು ಆ ಕವಲಿಗೇ. ಇನ್ನೂ ಮೇಲೆ, ವೀರ್ಯನಾಳ ಸೇರುವ ಕಡೆ ಸುಣ್ಣದ ಚೀಲ, ಒತ್ತಿದರೆ ಬಿಳಿ ಕಣ ಕಾಣುತ್ತದೆ. ಎರಡನೇ ದಾರಿ ಯೋನಿ, ಅದರಿಂದ ಉದ್ದ ಅಥವಾ ಗಿಡ್ಡ ಕಾಂಡದ ಗ್ಯಾಮಿಟೊಲಿಟಿಕ್ ಚೀಲ (ಮಿಕ್ಕ ವೀರ್ಯವನ್ನು ಕರಗಿಸುವ ಚೀಲ). ಮೂರನೆಯದೇ ಡಾರ್ಟ್ ಅಂಗ: ದಪ್ಪ ಸ್ನಾಯುವಿನ, ಬೆಳ್ಳಗೆ ಹೊಳೆಯುವ ಉರುಳೆ. ತಲೆಯಲ್ಲಿ ಗ್ರಂಥಿ, ತಲೆಯಿಂದ ಹೊರಟ ಸ್ನಾಯು. ಉದ್ದಕ್ಕೆ ಸೀಳಿದರೆ ಬುಡದ ಕಡೆ ಚೂಪಾದ ಶಂಕುವಿನಂಥ ಮೊನೆ.

ಕಣ್ಣುಕೊಂಬಿನ ಸ್ನಾಯು ಇವುಗಳ ನಡುವೆ ಅಡ್ಡ ಬಂದರೆ, ಯಾವುದರ ನಡುವೆ ಹಾದಿದೆ ಎಂದು ಬರೆದುಕೊಂಡೇ ಕತ್ತರಿಸಿ. ಕತ್ತರಿಸಿದ ಮೇಲೆ ಆ ಮಾಹಿತಿ ವಾಪಸ್ ಬರುವುದಿಲ್ಲ. ಎಲ್ಲವನ್ನೂ ಹೊರತೆಗೆದು ಹರಡಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಆದರೆ ಚಿತ್ರವನ್ನೂ ಕೈಯಲ್ಲಿ ಬರೆಯಿರಿ. ಫೋಟೋದಲ್ಲಿ ಯಾವ ನಾಳ ಯಾವುದರ ಅಡಿಯಿಂದ ಬಂತು ಎನ್ನುವುದು ಕಾಣುವುದಿಲ್ಲ.

ಕೈಗವಸು ಕಡ್ಡಾಯ. ನೆಲದ ಬಸವನಹುಳುಗಳಲ್ಲಿ ಇಲಿ ಶ್ವಾಸಕೋಶದ ಹುಳುವಿನ ಮರಿ ಇರಬಹುದು, ಮನುಷ್ಯರ ಹೊಟ್ಟೆಗೆ ಹೋದರೆ ಮೆದುಳಿನ ಪೊರೆಗೆ ಬಾಧೆ. ಅಡುಗೆಮನೆಯ ಚಾಕು, ತಟ್ಟೆ ಬಳಸಬೇಡಿ.

---

ಬಾಲಕೊಂಬು:

ಮೇಣದತಟ್ಟೆಯವರು ಹೇಳಿದ್ದಕ್ಕೆ ಒಂದು ತಿದ್ದುಪಡಿ ಅಲ್ಲ, ಎಚ್ಚರಿಕೆ. ಡಾರ್ಟ್ ಅಂಗ ಸಿಗಲಿಲ್ಲ ಅಂದರೆ ಎರಡು ಅರ್ಥ. ಒಂದು, ಹುಳು ಇನ್ನೂ ಬೆಳೆದಿಲ್ಲ. ಇನ್ನೊಂದು, ಅದಕ್ಕೆ ಆ ಅಂಗವೇ ಇಲ್ಲ. ನಿಮ್ಮ 3ರ ವಿಷಯದಲ್ಲಿ ಇದು ಮುಖ್ಯ. ಸರಿಕಾ ಎಂಬ ಕುಲ ಇದೆ, ಚಿಪ್ಪಿನಲ್ಲಿ ಮ್ಯಾಕ್ರೊಕ್ಲ್ಯಾಮಿಸ್‌ನ ಅಣ್ಣತಮ್ಮ, ಒಳಗೆ ಡಾರ್ಟ್ ಅಂಗ ಇಲ್ಲ. ಹೊಳಪಿನ, ತೆಳು, ಚಪ್ಪಟೆ ಚಿಪ್ಪೆಲ್ಲವನ್ನೂ ಮ್ಯಾಕ್ರೊಕ್ಲ್ಯಾಮಿಸ್ ಅಂತ ಬರೆದು ಬರೆದು ಆ ಕುಲ ಕಸದಬುಟ್ಟಿ ಆಗಿದೆ. ಥಾಯ್ಲೆಂಡ್‌ನಲ್ಲಿ ಒಂದೊಂದನ್ನೇ ಬಿಚ್ಚಿ ಈ ಎರಡನ್ನು ಬೇರ್ಪಡಿಸುವ ಕೆಲಸ ನಡೆದಿದೆ. ನಮ್ಮ ಕಡೆಯ ಮಾದರಿಗಳಿಗೂ ಅದೇ ಕ್ರಮ ಬೇಕು.

ಯಾವ ಅರ್ಥ ಎಂದು ತಿಳಿಯಲು ಆಲ್ಬುಮಿನ್ ಗ್ರಂಥಿ (ಮೊಟ್ಟೆಗೆ ಪೋಷಕ ದ್ರವ ಕೊಡುವ ಗ್ರಂಥಿ) ನೋಡಿ. ಹುಳು ಪ್ರಾಯಕ್ಕೆ ಬಂದಿದ್ದರೆ ಅದು ನಾಲಿಗೆಯ ಆಕಾರದಲ್ಲಿ ಉಬ್ಬಿ, ಕೆನೆಬಣ್ಣದಲ್ಲಿ ಎದ್ದು ಕಾಣುತ್ತದೆ. ಅದು ದಾರದಷ್ಟು ಸಣಕಲಾಗಿದ್ದು ಡಾರ್ಟ್ ಅಂಗವೂ ಇಲ್ಲದಿದ್ದರೆ ಏನೂ ತೀರ್ಮಾನ ಬರೆಯಬೇಡಿ. ಅದು ದಪ್ಪಗಿದ್ದು, ಶಿಶ್ನ ಪೂರ್ತಿ ಬೆಳೆದು, ಆದರೂ ಡಾರ್ಟ್ ಅಂಗ ಇಲ್ಲದಿದ್ದರೆ ಆಗ ಮಾತಾಡಬಹುದು. ಒಂದೇ ಹುಳು ಸಾಲದು, ಮೂರಾದರೂ ಬಿಚ್ಚಿ. ಬೇಸಿಗೆಯಲ್ಲಿ ಮಣ್ಣಿನಡಿ ಮಲಗಿದ್ದನ್ನು ತೆಗೆದರೆ ಬೆಳೆದ ಹುಳುವಿನಲ್ಲೂ ಗ್ರಂಥಿ ಮುದುಡಿರುತ್ತದೆ. ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ.

ಗ್ಯಾಮಿಟೊಲಿಟಿಕ್ ಚೀಲವನ್ನು ಎಸೆಯುವ ಮುಂಚೆ ಸೀಳಿ ನೋಡಿ. ಇತ್ತೀಚೆಗೆ ಕೂಡಿದ ಹುಳುವಾದರೆ ಒಳಗೆ ಸಂಗಾತಿ ಕೊಟ್ಟ ಸ್ಪರ್ಮಟೊಫೋರ್, ಅಂದರೆ ವೀರ್ಯದ ಪೊಟ್ಟಣ, ಇರುತ್ತದೆ. ಕಂದುಬಣ್ಣದ ಕೊಂಬಿನಂಥ ವಸ್ತು, ಒಂದು ಕಡೆ ಉಬ್ಬಿದ ಚೀಲ, ಇನ್ನೊಂದು ಕಡೆ ದಾರದಂಥ ಬಾಲ. ಬಾಲದ ಮೇಲೆ ಜಿಂಕೆ ಕೊಂಬಿನ ಹಾಗೆ ಕವಲೊಡೆದ ಮುಳ್ಳು. ಮುಳ್ಳು ಎಷ್ಟು ಸಾಲು, ಕವಲು ಎಷ್ಟು, ಬುಡದಲ್ಲಿ ಇವೆಯೋ ತುದಿಯಲ್ಲೋ ಎನ್ನುವುದು ಪ್ರಭೇದಕ್ಕೆ ತಕ್ಕಂತೆ ಬದಲಾಗುತ್ತದೆ. ಚಿಪ್ಪಿನಲ್ಲಿ ಒಂದೇ ಥರ ಕಾಣುವ ಎರಡನ್ನು ಇದೊಂದೇ ಬೇರೆ ಮಾಡಿಬಿಡಬಹುದು. ಸಾಮಾನ್ಯವಾಗಿ ಅರ್ಧ ಕರಗಿ ತುಂಡಾಗಿ ಸಿಗುತ್ತದೆ. ತುಂಡುಗಳನ್ನೂ ಗ್ಲಿಸರಿನ್‌ನಲ್ಲಿ ಎತ್ತಿಡಿ.

ರಾಡ್ಯುಲಾ (ಬಾಯಿಯೊಳಗಿನ ಹಲ್ಲುಪಟ್ಟಿ) ಬೇಕಾದರೆ: ಬಾಯಿಯ ಹಿಂದೆ ಗುಲಾಬಿ ಛಾಯೆಯ ಮಾಂಸದ ಉಂಡೆ ಇದೆ. ಮೊದಲು ಅದರ ಮುಂದಿನಿಂದ ದವಡೆ ಬಿಡಿಸಿಕೊಳ್ಳಿ, ಕಮಾನಿನಾಕಾರದ ಕಂದು ತುಣುಕು, ನಯವಾಗಿದ್ದು ನಡುವೆ ಕೊಕ್ಕು. ಉಂಡೆಯನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ಮಾಂಸ ಕರಗಿ ರಾಡ್ಯುಲಾದ ಪಟ್ಟಿ ಉಳಿಯುತ್ತದೆ. ಅವಸರಕ್ಕೆ ಕುದಿಸಿದರೆ ಪಟ್ಟಿ ಸುರುಟಿ ಹೋಗುತ್ತದೆ. ಮೂರು ಸಲ ನೀರಿನಲ್ಲಿ ತೊಳೆದು, ಸಣ್ಣ ಬ್ರಷ್‌ನಿಂದ ಒರೆಸಿ, ಹಲ್ಲು ಮೇಲಾಗಿ ಗ್ಲಿಸರಿನ್‌ನಲ್ಲಿ ಹರಡಿ. ಯಾವ ಮಗ್ಗುಲು ಮೇಲೆ ಅಂತ ಅನುಮಾನ ಬಂದರೆ ಬ್ರಷ್ ಎಳೆಯಿರಿ, ಹಲ್ಲಿನ ಕಡೆ ಕೂದಲು ಸಿಕ್ಕಿಕೊಳ್ಳುತ್ತದೆ. ನಡುವೆ ಮೂರು ಮೊನೆಯ ಹಲ್ಲು, ಆಚೀಚೆ ಅಗಲದವು, ಅಂಚಿಗೆ ಹೋದಂತೆ ಉದ್ದ, ಸಣ್ಣ, ತುದಿ ಸೀಳಿದವು. ದ್ರಾವಣ ಚರ್ಮ ಸುಡುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

---

ಅಡಿಕೆಹಾಳೆ:

ಇನ್ನೊಂದೇ ಪ್ರಶ್ನೆ. 1ಕ್ಕೆ ಕನ್ನಡಿಬಿಂಬ ಅಂದಿರಿ. ಹಾಗಿದ್ದರೆ ಎಡಸುರುಳಿ, ಬಲಸುರುಳಿ ಒಟ್ಟಿಗೆ ಇರುವ ತೋಟದಲ್ಲಿ ಅವು ಒಂದೇ ಪ್ರಭೇದದವೂ ಇರಬಹುದಾ?

---

ಹಳೇಪೆಟ್ಟಿಗೆ:

ಸಾಮಾನ್ಯವಾಗಿ ಇಲ್ಲ. ಎದುರುಬದುರು ನಿಂತು ಕೂಡುವ ಬಸವನಹುಳುಗಳಲ್ಲಿ ಒಂದರ ರಂಧ್ರ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ ಇದ್ದರೆ ಜೋಡಿ ಕೂಡುವುದಿಲ್ಲ, ಆದ್ದರಿಂದ ಅಪರೂಪದ ತಿರುವು ತಲೆಮಾರಿಗೆ ದಾಟುವುದು ಕಷ್ಟ. ಒಂದು ಜಾಗದ ಒಂದು ಪ್ರಭೇದ ಬಹುತೇಕ ಒಂದೇ ಕಡೆ ತಿರುಗುತ್ತದೆ. ನಿಮ್ಮ 1 ಮತ್ತು 2 ಹೇಗೂ ಬೇರೆ ಬೇರೆ: ಚಿಪ್ಪಿನ ಮೇಲ್ಮೈ ನೋಡಿದರೇ ಗೊತ್ತಾಗುತ್ತದೆ.

ಚಿಪ್ಪು ಇಡುವ ಬಗ್ಗೆ ಯಾರೂ ಹೇಳಲಿಲ್ಲ. ಪ್ಲೈವುಡ್ ಅಥವಾ ಹಸಿ ಮರದ ಪೆಟ್ಟಿಗೆಯಲ್ಲಿ ಇಡಬೇಡಿ. ಮರದಿಂದ ಬರುವ ಆಮ್ಲದ ಆವಿ ಮಲೆನಾಡಿನ ತೇವದ ಜೊತೆ ಸೇರಿ ಚಿಪ್ಪಿನ ಮೇಲೆ ಬಿಳಿ ಪುಡಿ ಏಳಿಸುತ್ತದೆ. ಅದು ಬೂಷ್ಟು ಅಂತ ತೊಳೆಯುತ್ತಾರೆ. ಬೂಷ್ಟಲ್ಲ, ಚಿಪ್ಪೇ ಕರಗುತ್ತಿರುವುದು. ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಸಾಕು. ತೋಟದಿಂದ ಆಚೆ ಕಾಡಿಗೆ, ಅದರಲ್ಲೂ ಅಭಯಾರಣ್ಯಕ್ಕೆ ಹೋಗಿ ಹುಳು ಹೆಕ್ಕುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು.

---

ಮೇಣದತಟ್ಟೆ:

ಚೀಟಿ ಬಾಟಲಿಯ ಹೊರಗೆ ಅಂಟಿಸುವುದಲ್ಲ, ಒಳಗೆ, ಹುಳುವಿನ ಜೊತೆಗೇ ಹಾಕಬೇಕು. ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್‌ಪೆನ್ ಶಾಯಿ ಆಲ್ಕೊಹಾಲ್‌ಗೆ ಒಂದೇ ರಾತ್ರಿಯಲ್ಲಿ ತೊಳೆದುಹೋಗುತ್ತದೆ. ಊರು, ತೋಟದಲ್ಲಿ ಯಾವ ಜಾಗ, ತಾರೀಖು, ಜೀವಂತ ಇದ್ದಾಗಿನ ಮೈಬಣ್ಣ, ಇಷ್ಟನ್ನು ಬರೆಯಿರಿ. ಮೈಬಣ್ಣ ಆಲ್ಕೊಹಾಲ್‌ನಲ್ಲಿ ಉಳಿಯುವುದಿಲ್ಲ. ಚಿಪ್ಪು, ಮೈ, ಡಿಎನ್‌ಎ ತುಣುಕು, ರಾಡ್ಯುಲಾ ಸ್ಲೈಡ್, ನಾಲ್ಕಕ್ಕೂ ಒಂದೇ ನಂಬರ್ ಕೊಡಿ.